ನಟ್ಟು ಕೂತರೆ ಸಾಲದು, ಕೋನವೂ ಕೂರಬೇಕು: ಸ್ಟೀಲ್ ಹೆಣಿಗೆಯ ಪೆಟ್ರೋಲ್ ಪೈಪಿನ ಚರಿತ್ರೆ

ಇವತ್ತು ರಾಗಿ, ಅಡಿಕೆ ಯಾವುದೂ ಇಲ್ಲ, ಪೈಪಿನ ವಿಷಯ. ಹಳೇ ಜೀಪು, ಬೈಕು ರಿಪೇರಿ ಮಾಡೋ ಹುಡುಗರು ಈಗ ಪೆಟ್ರೋಲ್ ಲೈನಿಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹೆಣೆದ ಪೈಪು ಹಾಕ್ತಾರೆ. ಎರಡೂ ತುದಿಗೆ ನೀಲಿ, ಕೆಂಪು ಬಣ್ಣದ ನಟ್ಟು. ನೋಡೋಕೆ ಚೆಂದ. ಆದರೆ ಆ ನಟ್ಟು ಹುಟ್ಟಿದ್ದು ಚೆಂದಕ್ಕಲ್ಲ. ಯಾಕೆ ಹುಟ್ಟಿತು ಅಂತ ತಿಳಿದರೆ ಹೇಗೆ ಹಾಕಬೇಕು ಅನ್ನೋದೂ ತಾನಾಗೇ ತಿಳಿಯುತ್ತೆ.

ಮೊದಲು ಒಂದು ಬೆಂಕಿಯ ಕಥೆ. 1904ರ ಫೆಬ್ರವರಿ 7ರಂದು ಅಮೆರಿಕದ ಬಾಲ್ಟಿಮೋರ್ ಪಟ್ಟಣಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ ಕಡೆಯಿಂದ ಬೆಂಕಿ ಇಂಜಿನ್ನುಗಳು ಓಡಿ ಬಂದವು. ಜನ ಇದ್ದರು, ನೀರಿತ್ತು, ಪೈಪಿತ್ತು. ಆದರೆ ಹೊರಗಿನಿಂದ ಬಂದ ಪೈಪಿನ ಥ್ರೆಡ್ಡು ಬಾಲ್ಟಿಮೋರಿನ ನಲ್ಲಿಗೆ ಕೂರಲಿಲ್ಲ. ಒಂದೊಂದು ಊರಿಗೆ ಒಂದೊಂದು ಅಳತೆ. ಬೆಂಕಿ ಆರೋಹೊತ್ತಿಗೆ 1500ಕ್ಕೂ ಹೆಚ್ಚು ಕಟ್ಟಡ ಬೂದಿ. ಬೆಂಕಿ ಅಷ್ಟು ಹಬ್ಬೋಕೆ ಗಾಳಿ, ಇಕ್ಕಟ್ಟಾದ ಕಟ್ಟಡ ಎಲ್ಲಾ ಕಾರಣ ಇತ್ತು. ಆದರೆ ಕೂರದ ನಟ್ಟಿನ ಪಾಠವನ್ನ ಆ ದೇಶ ಮರೆಯಲಿಲ್ಲ.

ವಿಮಾನಕ್ಕೂ ಇದೇ ಕಾಟ. ಅಮೆರಿಕದ ಭೂಸೇನೆಯ ವಿಮಾನ ದಳಕ್ಕೆ ಒಂದು ಅಳತೆ, ನೌಕಾಪಡೆಗೆ ಇನ್ನೊಂದು. ಎರಡನೇ ಮಹಾಯುದ್ಧದ ಹೊತ್ತಿಗೆ ಇಬ್ಬರೂ ಕೂತು ಒಂದೇ ಅಳತೆ ಮಾಡಿಕೊಂಡರು. ಆರ್ಮಿ ಅನ್ನೋದರ ಎ, ನೇವಿ ಅನ್ನೋದರ ಎನ್ ಸೇರಿ 'ಎಎನ್' ಆಯ್ತು. ಇವತ್ತು ಅಂಗಡಿಯವನು 'ಎಎನ್-6 ಕೊಡ್ಲಾ, ಎಎನ್-8 ಕೊಡ್ಲಾ' ಅಂತ ಕೇಳೋದು ಅದನ್ನೇ. ಈ ನಂಬರು ಇಂಚಿನ ಹದಿನಾರನೇ ಭಾಗದ ಲೆಕ್ಕ. 6 ಅಂದರೆ 6/16, ಅಂದರೆ 3/8 ಇಂಚು. ಅದು ಲೋಹದ ಪೈಪಿನ ಹೊರಮೈ ಅಳತೆ. ಹೆಣಿಗೆ ಪೈಪಿನ ಒಳದಾರಿ ಅದಕ್ಕಿಂತ ಸ್ವಲ್ಪ ಸಣ್ಣದಿರುತ್ತೆ, ಮೋಸ ಅಂತ ತಿಳೀಬೇಡಿ.

ಈ ಸುದ್ದಿ ನಮ್ಮ ಬೆಂಗಳೂರಿಗೂ ಬಂತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದರು. 1943ರಲ್ಲಿ ಆ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಯ್ತು, 84ನೇ ಏರ್ ಡಿಪೋ ಅಂತ ಹೆಸರಾಯ್ತು. ಬರ್ಮಾ ಕಡೆ ಯುದ್ಧ ಮಾಡಿ ಸವೆದ ವಿಮಾನಗಳು ಇಲ್ಲಿಗೆ ರಿಪೇರಿಗೆ ಬರ್ತಿದ್ದವು. ನೀರಿನ ಮೇಲೆ ಇಳಿಯೋ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳೀತಿದ್ದವು. ಆ ವಿಮಾನಗಳ ಹೊಟ್ಟೆ ತುಂಬಾ ಇಂಥ ಪೈಪು, ಇಂಥ ನಟ್ಟು. ಅಂದರೆ ನಮ್ಮ ಕಡೆ ಕೈಗಳಿಗೆ ಈ ಕೆಲಸ ಗೊತ್ತಾಗಿ ಎಂಬತ್ತು ವರ್ಷ ಆಗಿರಬೇಕು.

ಯುದ್ಧಭೂಮಿಯಲ್ಲಿ ಪೈಪಿನ ತುದಿ ಒತ್ತಿ ಕೂರಿಸೋ ಪ್ರೆಸ್ ಮಿಷನ್ ಎಲ್ಲಿಂದ ತರೋದು? ಅದಕ್ಕೇ ಬಿಚ್ಚಿ ಮತ್ತೆ ಹಾಕೋ ತುದಿ ಬೇಕಾಯ್ತು. 1940ರಲ್ಲಿ ಮಿಚಿಗನ್ನಿನ ಜಾಕ್ಸನ್‌ನಲ್ಲಿ ಶುರುವಾದ ಏರೋಕ್ವಿಪ್ ಕಂಪನಿ ಈ ಕೆಲಸಕ್ಕೇ ಹೆಸರಾಯ್ತು. ಒಂದು ಗರಗಸ, ಒಂದು ವೈಸು, ಎರಡು ಸ್ಪ್ಯಾನರು ಇದ್ದರೆ ಮರದ ಕೆಳಗೇ ಹೊಸ ಲೈನು ಕಟ್ಟಬಹುದು. ಯುದ್ಧ ಮುಗಿದ ಮೇಲೆ ಉಳಿದ ಸಾಮಾನು ಗುಜರಿಗೆ ಬಂತು, ಕ್ಯಾಲಿಫೋರ್ನಿಯಾದ ರೇಸ್ ಹುಡುಗರು ಅದನ್ನ ಕಾರಿಗೆ ಹಾಕಿದರು. ಬಿಲ್ ಬರ್ಕ್ ಅನ್ನೋನು 1946ರಲ್ಲಿ ವಿಮಾನದ ಪೆಟ್ರೋಲ್ ಟ್ಯಾಂಕನ್ನೇ ಕಾರಿನ ಬಾಡಿ ಮಾಡಿಕೊಂಡ! ಫ್ಯಾಷನ್ನು ಬಂದದ್ದು ಆ ದಾರಿಯಲ್ಲಿ.

ಈಗ ಆರಿಸೋ ವಿಷಯ. ಪೈಪಿನ ಬಾಯಿ ತುತ್ತೂರಿ ಥರ ಅಗಲ ಆಗಿರುತ್ತಲ್ಲ, ಸೋರಿಕೆ ತಡೆಯೋದು ಆ ಇಳಿಜಾರು. ಎಎನ್‌ನಲ್ಲಿ ಅದರ ಕೋನ 37 ಡಿಗ್ರಿ. ಮೋಟಾರು ಗಾಡಿಗಳ ಇನ್ನೊಂದು ಅಳತೆಯಲ್ಲಿ 45 ಡಿಗ್ರಿ. ಕಿತಾಪತಿ ಏನಪ್ಪಾ ಅಂದ್ರೆ, ಕೆಲವು ಸೈಜಲ್ಲಿ ಎರಡಕ್ಕೂ ಥ್ರೆಡ್ಡು ಒಂದೇ. 1/4 ಇಂಚಿನ ಪೈಪಿಗೆ ಎರಡೂ ಕಡೆ 7/16 ಇಂಚು, ಇಂಚಿಗೆ 20 ಸುತ್ತು. ನಟ್ಟು ಸಲೀಸಾಗಿ ತಿರುಗುತ್ತೆ, ಬಿಗಿನೂ ಆಗುತ್ತೆ. ಒಳಗೆ ಮಾತ್ರ ಕೋನಕ್ಕೆ ಕೋನ ಕೂರದೆ ಒಂದು ಗೆರೆಯಷ್ಟೇ ತಾಗಿರುತ್ತೆ. ಗಾಡಿ ನಿಂತಾಗ ಸೋರಲ್ಲ, ಕಾದು ಅದುರಿದಾಗ ಸೋರುತ್ತೆ. ಕೆಳಗೆ ಕಾದ ಸೈಲೆನ್ಸರ್ ಇದ್ದರೆ ಮುಂದಿನದು ನಾನು ಹೇಳಬೇಕಾಗಿಲ್ಲ. ಸೋರ್ತಿದೆ ಅಂತ ಆ ಥ್ರೆಡ್ಡಿಗೆ ನಲ್ಲಿ ಟೇಪು ಸುತ್ತಬೇಡಿ. ಅಲ್ಲಿ ಸೀಲ್ ಆಗೋದು ಥ್ರೆಡ್ಡಲ್ಲಿ ಅಲ್ಲ, ಇಳಿಜಾರಲ್ಲಿ. ಟೇಪಿನ ಚೂರು ಹೋಗಿ ಜೆಟ್ಟಿಗೆ ಸಿಕ್ಕಿಕೊಳ್ಳುತ್ತೆ.

ಎರಡನೇದು, ಒಳಗಿನ ಕೊಳವೆ. ಸ್ಟೀಲ್ ಹೆಣಿಗೆ ಬರೀ ಕವಚ, ಒಳಗೆ ರಬ್ಬರು ಇರಬಹುದು, ಇಲ್ಲಾ ಟೆಫ್ಲಾನ್. ಟೆಫ್ಲಾನನ್ನ 1938ರಲ್ಲಿ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನ್ನೋರು ಬೇರೇನೋ ಮಾಡೋಕೆ ಹೋಗಿ ಆಕಸ್ಮಿಕವಾಗಿ ಕಂಡರು. ನಾವು ಬೆಳೆದ ಕಬ್ಬಿನ ಎಥೆನಾಲ್ ಈಗ ಪೆಟ್ರೋಲಿಗೆ ಶೇ. 20ರವರೆಗೆ ಬೆರೀತಿದೆ. ಅದಕ್ಕೆ ತಕ್ಕುದಲ್ಲದ ರಬ್ಬರು ಉಬ್ಬುತ್ತೆ, ಬಿರಿಯುತ್ತೆ. ಹೊರಗಿನ ಸ್ಟೀಲು ಮಾತ್ರ ಹೊಸದರ ಹಾಗೇ ಹೊಳೀತಿರುತ್ತೆ, ಗೊತ್ತೇ ಆಗಲ್ಲ. ಟೆಫ್ಲಾನ್‌ಗೆ ಆ ಭಯ ಇಲ್ಲ, ಆದರೆ ಅದರ ತುದಿಯೇ ಬೇರೆ, ಒಳಗೆ ಒಂದು ಸಣ್ಣ ಬಳೆ ಇರುತ್ತೆ. ರಬ್ಬರ್ ಪೈಪಿನ ತುದಿಯನ್ನ ಟೆಫ್ಲಾನ್‌ಗೆ ಹಾಕಬಾರದು, ಅದನ್ನ ಇದಕ್ಕೂ ಹಾಕಬಾರದು.

ರಬ್ಬರ್ ಪೈಪು ಕಟ್ಟೋ ಕ್ರಮ ಹೀಗೆ. ಕತ್ತರಿಸೋ ಜಾಗಕ್ಕೆ ಬಿಗಿಯಾಗಿ ಟೇಪು ಸುತ್ತಿ, ಇಲ್ಲದಿದ್ದರೆ ತಂತಿ ಪೊರಕೆ ಥರ ಬಿಚ್ಚಿಕೊಳ್ಳುತ್ತೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಲ್ಲಿ ನೆಟ್ಟಗೆ ಕೊಯ್ಯಿರಿ. ಒಳಗಿನ ಚೂರೆಲ್ಲ ಗಾಳಿ ಹೊಡೆದು ತೆಗೀರಿ. ಹೊರಗಿನ ಸಾಕೆಟ್ಟಿಗೆ ಪೈಪನ್ನ ತಿರುಗಿಸುತ್ತಾ, ಒಳಗಿನ ಥ್ರೆಡ್ಡು ಶುರುವಾಗೋ ತನಕ ನೂಕಿ. ಸಾಕೆಟ್ಟಿನ ಅಂಚಿಗೆ ಪೈಪಿನ ಮೇಲೆ ಒಂದು ಗೆರೆ ಹಾಕಿ. ವೈಸಿನ ಬಾಯಿಗೆ ಅಲ್ಯೂಮಿನಿಯಂ ತಗಡು ಕೊಟ್ಟು ಸಾಕೆಟ್ಟು ಹಿಡಿಸಿ, ಇನ್ನೊಂದು ಭಾಗಕ್ಕೆ ಎಣ್ಣೆ ಸವರಿ ಬಿಗಿಯಿರಿ. ನಡುವೆ ಸುಮಾರು 1 ಮಿ.ಮೀ. ಸಂದು ಉಳಿದರೆ ಸಾಕು. ಹಾಕಿದ ಗೆರೆ ಹಿಂದೆ ಸರಿದಿದ್ದರೆ ಪೈಪು ಹೊರಗೆ ಬಂದಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಮಾಡಿ. ಆಮೇಲೆ ಒಂದು ತುದಿ ಮುಚ್ಚಿ, ಬಕೆಟ್ ನೀರಲ್ಲಿ ಮುಳುಗಿಸಿ, ಪಂಕ್ಚರ್ ನೋಡಿದ ಹಾಗೆ ಗಾಳಿ ಕೊಟ್ಟು ಗುಳ್ಳೆ ನೋಡಿ. ಗಾಡಿಗೆ ಹಾಕುವಾಗ ವೈರು, ಬೇರೆ ಪೈಪಿಗೆ ಉಜ್ಜದ ಹಾಗೆ ಕ್ಲಿಪ್ಪು ಹಾಕಿ. ಸ್ಟೀಲ್ ಹೆಣಿಗೆ ಅಂದರೆ ಗರಗಸ ಇದ್ದ ಹಾಗೆ, ಉಜ್ಜಿದ್ದನ್ನ ಕೊಯ್ಯುತ್ತೆ.

ಕೊಳ್ಳೋಕೆ ಹೋಗುವಾಗ ಹಳೇ ನಟ್ಟು, ಒಂದು ತುಂಡು ಪೈಪು ಜೇಬಿಗೆ ಹಾಕ್ಕೊಂಡು ಹೋಗಿ. ಅಂಗಡಿಯವನನ್ನ ಎರಡೇ ಮಾತು ಕೇಳಿ: ಕೋನ ಎಷ್ಟು, ಒಳಗಿನ ಕೊಳವೆ ಯಾವುದು. ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ನಡೀರಿ.