ಚಿಕ್ಕ ಟ್ರಾಕ್ಟರು, ದೊಡ್ಡ ಕಲ್ಲು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಇತಿಹಾಸ ಓದಿದವನಲ್ಲ. ಇದೇ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಐ.ಟಿ.ಐ. ಮಾಡಿ, ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಆದರೆ ಬಹಳ ವರ್ಷಗಳಿಂದ ಒಂದು ಕಲ್ಲು ನನ್ನ ಮನಸ್ಸಿನಲ್ಲಿ ಕೂತಿದೆ. ಆ ಕಲ್ಲಿನ ನೆಪದಲ್ಲಿ, ನಮ್ಮ ಕಡೆಯವರು ಭಾರದ ಕಲ್ಲುಗಳನ್ನು ಹೇಗೆ ಸಾಗಿಸುತ್ತಿದ್ದರು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಈಗ ಸಿ.ವಿ. ರಾಮನ್ ನಗರ ಎಂದು ಕರೆಯುವ ಈ ಭಾಗ ಬೈರಸಂದ್ರ, ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯ, ತಿಪ್ಪಸಂದ್ರ ಎಂಬ ಹಳ್ಳಿಗಳ ಹೊಲ, ಕೆರೆ, ತೋಪುಗಳಾಗಿತ್ತು. ಒಂದು ಕಡೆ ಎಚ್.ಎ.ಎಲ್., ಇನ್ನೊಂದು ಕಡೆ ಎನ್.ಜಿ.ಇ.ಎಫ್., ನಡುವೆ ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು ಬಂದವು. ಆದರೂ ನಾವು ಹುಡುಗರಾಗಿದ್ದಾಗ ರಾಗಿ ಹೊಲ ಇತ್ತು, ಎತ್ತಿನ ಗಾಡಿ ಇತ್ತು, ಮನೆ ಮುಂದೆ ಮೋರಿ ದಾಟಲು ಕಲ್ಲು ಚಪ್ಪಡಿ ಇತ್ತು.

ನಾನು ಒಂಬತ್ತನೆಯ ತರಗತಿ ಮುಗಿಸಿದ ಬೇಸಿಗೆ ರಜದಲ್ಲಿ, ಲೇಔಟ್ ಮಾಡಲು ಹೊರಟಿದ್ದ ಒಂದು ಹೊಲದ ಬದುವಿನಲ್ಲಿ ಅರ್ಧ ಹೂತಿದ್ದ ಒಂದು ಉದ್ದನೆಯ ಕಲ್ಲನ್ನು ತಂದು ನಮ್ಮ ಬೀದಿಯ ಮೋರಿಗೆ ಹಾಸುವುದೆಂದು ಹಿರಿಯರು ತೀರ್ಮಾನ ಮಾಡಿದರು. ಹನ್ನೆರಡು ಅಡಿ ಉದ್ದ, ಮೂರು ಅಡಿ ಅಗಲ, ಮುಕ್ಕಾಲು ಅಡಿ ದಪ್ಪ. ನಮ್ಮ ಕಡೆಯ ಕಲ್ಲು ಒಂದು ಘನ ಅಡಿಗೆ ಸುಮಾರು ಎಪ್ಪತ್ತೈದು ಕಿಲೋ ತೂಗುತ್ತದೆ. ಇಪ್ಪತ್ತೇಳು ಘನ ಅಡಿಗೆ ಎರಡು ಟನ್ ಆಯಿತು. ಇದ್ದದ್ದು ತೋಟದ ಕೆಲಸದ ಒಂದು ಚಿಕ್ಕ ಟ್ರಾಕ್ಟರು, ಇಪ್ಪತ್ತೈದು ಅಶ್ವಶಕ್ತಿ ಇದ್ದರೆ ಹೆಚ್ಚು.

ಟ್ರಾಕ್ಟರಿನ ಅಣ್ಣ ಮೊದಲು ಸರಪಣಿ ಬಿಗಿದು ನೇರವಾಗಿ ಎಳೆದ. ಹಿಂದಿನ ಚಕ್ರ ಎರಡೂ ಮಣ್ಣು ತೋಡಿಕೊಂಡು ಗರಗರ ತಿರುಗಿದವು, ಕಲ್ಲು ಮಿಸುಕಲಿಲ್ಲ. ಅಶ್ವಶಕ್ತಿ ಎಷ್ಟೇ ಇರಲಿ, ಚಕ್ರದ ಹಿಡಿತ ಎಷ್ಟಿದೆಯೋ ಅಷ್ಟೇ ಎಳೆತ ಎಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ಅಂಥ ಟ್ರಾಕ್ಟರು ಒಣ ನೆಲದಲ್ಲಿ ಆರೇಳು ನೂರು ಕಿಲೋ ಭಾರದಷ್ಟು ಜಗ್ಗಬಲ್ಲದು. ಎರಡು ಟನ್ ಕಲ್ಲನ್ನು ಮಣ್ಣಿನ ಮೇಲೆ ಉಜ್ಜಿಕೊಂಡು ಹೋಗಲು ಅದರ ಎರಡರಷ್ಟು ಬೇಕು.

ಅಷ್ಟರಲ್ಲಿ ಕಲ್ಲು ಕೆಲಸ ಮಾಡಿ ಕೈ ಪಳಗಿದ್ದ ತಾತನೊಬ್ಬರು ಬಂದರು. ಬಂದವರೇ ಅಣ್ಣನಿಗೆ ಬೈದರು. "ಸರಪಣಿ ಮೇಲಕ್ಕೆ ಕಟ್ಟಿದ್ದೀಯಲ್ಲೋ, ಮುಂದಿನ ಚಕ್ರ ಎದ್ದು ನಿನ್ನ ಮೇಲೇ ಮಗುಚ್ಕೊಳ್ತದೆ. ಕೆಳಗೆ ಕಟ್ಟು." ಇದು ಇವತ್ತಿಗೂ ಟ್ರಾಕ್ಟರು ಓಡಿಸುವವರೆಲ್ಲ ನೆನಪಿಡಬೇಕಾದ ಮಾತು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಭಾರ ಎಳೆದರೆ, ಭಾರ ಜಗ್ಗದಿದ್ದಾಗ ಟ್ರಾಕ್ಟರಿನ ಮೂತಿ ಮೇಲೇಳುತ್ತದೆ. ಹಾಗೆ ಹಿಂದಕ್ಕೆ ಮಗುಚಿ ಸತ್ತವರಿದ್ದಾರೆ.

ಆಮೇಲೆ ತಾತ ಎರಡು ಗಡಾರಿ ತರಿಸಿದರು. ಆರು ಅಡಿಯ ಗಡಾರಿಯ ತುದಿಯನ್ನು ಕಲ್ಲಿನ ಅಡಿಗೆ ಕೊಟ್ಟು, ತುದಿಯಿಂದ ಮೂರೇ ಅಂಗುಲ ಹಿಂದೆ ಒಂದು ಗಟ್ಟಿ ಕಲ್ಲು ಒತ್ತು ಇಟ್ಟರು. ಇದಕ್ಕೇ ಸನ್ನೆ ಹಾಕುವುದು ಎನ್ನುವುದು. ಈ ಕಡೆ ಇಪ್ಪತ್ತಮೂರು ಪಾಲು ಉದ್ದ, ಆ ಕಡೆ ಒಂದು ಪಾಲು. ಕಲ್ಲಿನ ಒಂದು ತುದಿ ಎತ್ತಲು ಅರ್ಧ ಭಾರ, ಅಂದರೆ ಒಂದು ಟನ್ ಎತ್ತಿದರೆ ಸಾಕು. ಅದಕ್ಕೆ ಬೇಕಾದದ್ದು ನಲವತ್ತೈದು ಕಿಲೋ ಒತ್ತಡ. ಒಬ್ಬ ಆಳು ಮೈಭಾರ ಬಿಟ್ಟರೆ ಆಯಿತು. ಎರಡು ಅಂಗುಲ ಎದ್ದ ಕೂಡಲೇ ಕೆಳಗೆ ಹಲಗೆ, ಹಲಗೆಯ ಮೇಲೆ ದುಂಡಗಿನ ಸರ್ವೆ ಮರದ ತುಂಡುಗಳು. ಹುಡುಗರಾದ ನಮಗೆ ಹಿಂದೆ ಬಿಟ್ಟ ತುಂಡನ್ನು ಎತ್ತಿಕೊಂಡು ಓಡಿ ಮುಂದಕ್ಕೆ ಇಡುವ ಕೆಲಸ. ಉರುಳುವ ಮರದ ಮೇಲೆ ಅದೇ ಕಲ್ಲಿಗೆ ನೂರು ಕಿಲೋ ಎಳೆತ ಸಾಕಾಯಿತು. ಟ್ರಾಕ್ಟರು ಮೊದಲನೇ ಗೇರಿನಲ್ಲಿ ಹಸು ನಡೆದ ಹಾಗೆ ನಡೆಯಿತು. ಇಳಿಜಾರು ಬಂದಲ್ಲಿ ಕಲ್ಲೇ ಟ್ರಾಕ್ಟರನ್ನು ಅಟ್ಟಿಸಿಕೊಂಡು ಬರಬಾರದಲ್ಲ, ಅದಕ್ಕೆ ಹಿಂದಿನಿಂದ ಒಂದು ಮಿಣಿ ಕಟ್ಟಿ, ಹುಣಸೆ ಮರಕ್ಕೆ ಎರಡು ಸುತ್ತು ಸುತ್ತಿ, ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟರು. ಬೆಳಗ್ಗೆ ಏಳಕ್ಕೆ ಹೊರಟ ಕಲ್ಲು ಮಧ್ಯಾಹ್ನ ಊಟದ ಹೊತ್ತಿಗೆ ಮೋರಿಯ ಹತ್ತಿರ ಬಂತು.

ತಾತನ ವಿದ್ಯೆ ಅವರ ಕಾಲದ್ದಲ್ಲ. ನಮ್ಮ ಬೆಂಗಳೂರು ಕೂತಿರುವುದೇ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ. ಲಾಲ್‌ಬಾಗಿನ ಗುಡ್ಡದಲ್ಲಿ ಅದನ್ನು ಎಲ್ಲರೂ ನೋಡಿದ್ದೇವೆ. ಈ ಬಂಡೆಯಿಂದ ಚಪ್ಪಡಿ ಎಬ್ಬಿಸುವ ರೀತಿಯನ್ನು ವಾರ್ತ್ ಎಂಬ ವಿದ್ವಾಂಸರು 1895ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಬಂಡೆಯ ಮೇಲೆ ಸೌದೆಯ ಬೆಂಕಿಯ ಸಾಲು ಹಾಕಿ, ಕಾದ ಕಡೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಮೇಲಿನ ಪದರ ಬಿಟ್ಟಿತೆಂದು ಗೊತ್ತಾದ ಮೇಲೆ ಬೆಂಕಿಯನ್ನು ಮುಂದಕ್ಕೆ ಸರಿಸುವುದು. ಹೀಗೆ 60 ಅಡಿ ಉದ್ದ, 40 ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದೇ ಹಾಳೆಯನ್ನು ಬಿಡಿಸಿದ್ದರಂತೆ. ಲೆಕ್ಕ ಹಾಕಿದರೆ ಅದು 90 ಟನ್. ಅದನ್ನು ಯಾರೂ ಹಾಗೇ ಸಾಗಿಸಲಿಲ್ಲ. ಉಳಿ ಹಿಡಿದು ಪಟ್ಟಿಪಟ್ಟಿಯಾಗಿ ಸೀಳಿ, ಗಾಡಿಗೆ ಹಿಡಿಸುವಷ್ಟು ಮಾಡಿಕೊಂಡರು. ಭೋವಿ ಸಮುದಾಯದವರ ಮತ್ತು ಕಲ್ಲುಕುಟಿಗರ ಈ ಕಿವಿಯ ಜ್ಞಾನದಿಂದಲೇ ನಮ್ಮ ಊರುಗಳ ಜಗುಲಿ, ಕಲ್ಲುಕಂಬ, ಕೆರೆಯ ತೂಬು ಎಲ್ಲ ಆದದ್ದು. ಅವರ ಹೆಸರು ಯಾವ ಉದ್ಘಾಟನೆಯ ಫಲಕದಲ್ಲೂ ಇಲ್ಲ.

ಸೀಳಲು ಆಗದ ಕಲ್ಲಾದರೆ ಏನು ಮಾಡುವುದು? ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟದ ಮೇಲೆ ಇದ್ದಲ್ಲೇ ಕೆತ್ತಿದರು, ಸಾಗಿಸುವ ಪ್ರಶ್ನೆಯೇ ಬರಲಿಲ್ಲ. ಕಾರ್ಕಳದ ಕಥೆ ಬೇರೆ. 1432ರಲ್ಲಿ ಪ್ರತಿಷ್ಠೆಯಾದ ಆ ಮೂರ್ತಿ 42 ಅಡಿ, ಸುಮಾರು 80 ಟನ್. ಅದನ್ನು ಇಪ್ಪತ್ತು ಕಬ್ಬಿಣದ ಬಂಡಿಗಳ ಮೇಲೇರಿಸಿ, ಲೆಕ್ಕವಿಲ್ಲದಷ್ಟು ಹಗ್ಗ ಕಟ್ಟಿ, ಇಳಿಜಾರು ದಾರಿ ಮಾಡಿ ಗುಡ್ಡಕ್ಕೆ ಎಳೆದರೆಂದು ಅಲ್ಲಿಯ ಐತಿಹ್ಯ. ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಒಯ್ದದ್ದು 64 ಗಾಲಿಯ ಟ್ರಾಲಿಯಲ್ಲಿ. ಇನ್ನು ನಮ್ಮ ಪಕ್ಕದ ಈಜೀಪುರದ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆ ಬಂದ ವಿಶ್ವರೂಪ ವಿಷ್ಣುವಿನ ಕಲ್ಲನ್ನು ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲಿ ನೋಡಿರುತ್ತೀರಿ. 64 ಅಡಿ ಉದ್ದ, ಮುನ್ನೂರು ಟನ್ನಿಗೂ ಮೀರಿದ ಭಾರ, 240 ಚಕ್ರದ ವಾಹನ. 2018ರ ಡಿಸೆಂಬರಿನಲ್ಲಿ ತಿರುವಣ್ಣಾಮಲೈ ಜಿಲ್ಲೆಯ ಕೊರಕೋಟೈನಿಂದ ಹೊರಟು 2019ರ ಜೂನ್ ಹೊತ್ತಿಗೆ ಬಂತು. ದಾರಿಯಲ್ಲಿ ಟೈರುಗಳು ಒಡೆದವು, ಹಳೆಯ ಸೇತುವೆ ಭಾರ ತಡೆಯಲಾರದೆಂದು ದಕ್ಷಿಣ ಪಿನಾಕಿನಿಗೆ ತಾತ್ಕಾಲಿಕ ದಾರಿ ಕಟ್ಟಬೇಕಾಯಿತು.

ಇಪ್ಪತ್ತು ಬಂಡಿ, 64 ಗಾಲಿ, 240 ಚಕ್ರ. ಎಳೆಯುವ ಶಕ್ತಿ ಬದಲಾಯಿತು, ಭಾರವನ್ನು ಹಂಚುವ ಉಪಾಯ ಬದಲಾಗಲಿಲ್ಲ. 240 ಚಕ್ರಕ್ಕೆ ಹಂಚಿದರೆ ಒಂದೊಂದರ ಪಾಲಿಗೆ ಆ ಕಲ್ಲು ಒಂದೂವರೆ ಟನ್ ಅಷ್ಟೇ. ತಾತನ ಸರ್ವೆ ತುಂಡುಗಳೂ ಇದನ್ನೇ ಮಾಡಿದ್ದು.

ಚಿಕ್ಕ ಯಂತ್ರದ ವಿಷಯದಲ್ಲಿ ನಮ್ಮ ಪೂರ್ವ ಬೆಂಗಳೂರಿಗೆ ಒಂದು ಹೆಮ್ಮೆಯೂ ಇದೆ. ಎಕರೆ ಎರಡೆಕರೆಯ ರೈತನಿಗೆ ದೊಡ್ಡ ಟ್ರಾಕ್ಟರು ನಿಲುಕದು ಎಂಬ ಕಾಲದಲ್ಲಿ, 1967ರಲ್ಲಿ, ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯವರ ಜೊತೆ ಸೇರಿ ಆರಂಭವಾಯಿತು. ಮಹದೇವಪುರದ ಕಾರ್ಖಾನೆಯಿಂದ ಪವರ್ ಟಿಲ್ಲರುಗಳು ಕರ್ನಾಟಕದ ಗದ್ದೆಗಳಿಗೆ ಹೋದವು, ಮುಂದೆ 18.5 ಅಶ್ವಶಕ್ತಿಯ ಪುಟ್ಟ ಟ್ರಾಕ್ಟರು ಕೂಡ ಬಂತು. ಹೊಲ ಉಳಲು ಬಂದ ಇಂಥ ಯಂತ್ರಗಳೇ ಬಿಡುವಿನಲ್ಲಿ ಕಲ್ಲು ಎಳೆದವು, ಬಾವಿಯ ಮಣ್ಣು ಹೊತ್ತವು. ಆಮೇಲೆ ಜೆ.ಸಿ.ಬಿ. ಬಂದಿತು. ಇಪ್ಪತ್ತು ಆಳು ಅರ್ಧ ದಿನ ಮಾಡುತ್ತಿದ್ದ ಕೆಲಸ ಹತ್ತು ನಿಮಿಷಕ್ಕೆ ಮುಗಿಯತೊಡಗಿತು.

ಆಳುಗಳ ಬೆನ್ನು ಉಳಿಯಿತು, ಅದಕ್ಕೆ ಸಂತೋಷ. ಆದರೆ ಕಲ್ಲಿಗೆ ಅದರ ಭಾರವೇ ಕಾವಲಾಗಿತ್ತು. ಎತ್ತುವುದು ಕಷ್ಟವೆಂದೇ ನಮ್ಮ ಹಿಂದಿನವರು ಎಷ್ಟೋ ಕಲ್ಲುಗಳನ್ನು ಇದ್ದಲ್ಲೇ ಬಿಟ್ಟು, ಸುತ್ತ ಉತ್ತುಕೊಂಡು ಹೋದರು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳು ಯಾವ ಊರಲ್ಲಿ, ದೇವಸ್ಥಾನದ ಯಾವ ಕಡೆ, ಯಾವ ಹೊಲದಲ್ಲಿ ಇವೆ ಎಂದು ಬರೆದಿಟ್ಟಿದ್ದಾರೆ. ಅವುಗಳಲ್ಲಿ ಹಲವು ಈಗ ಅಲ್ಲಿಲ್ಲ. ಉಳಿದವುಗಳ ಬೆಲೆ ನೋಡಿ. ನಮ್ಮ ನೆರೆಯ ವಿಭೂತಿಪುರದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1307ರ ತಮಿಳು ಶಾಸನವಿದೆ. ಕಾಡು ಕಡಿದು, ನೆಲ ಸಮಮಾಡಿ, ಕೆರೆ ಕಟ್ಟಿ ಊರು ಮಾಡಿದ ವಿಷಯ ಅದರಲ್ಲಿದೆ. ಆ ಕಲ್ಲು ಬೇರೆಲ್ಲೋ ಸಿಕ್ಕಿದ್ದರೆ ಯಾವ ಕೆರೆ, ಯಾವ ಊರು ಎಂದು ಹೇಗೆ ಹೇಳುತ್ತಿದ್ದೆವು? ಹೆಬ್ಬಾಳದಲ್ಲಿ ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಮೋರಿ ಕೆಲಸದ ನಡುವೆ ಕಣ್ಣಿಗೆ ಬಿತ್ತು. ನೋಡಿದವರು ಗುರುತಿಸಿದ್ದರಿಂದ ಉಳಿಯಿತು. ಅದಕ್ಕೀಗ ಅಲ್ಲೇ ಮಂಟಪವಾಗಿದೆ.

ಕಲ್ಲನ್ನು ಸರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಬೇಗೂರಿನ ಯುದ್ಧದ ಚಿತ್ರವಿರುವ ದೊಡ್ಡ ವೀರಗಲ್ಲು, ಕಾಳಿ ಎಂಬ ನಾಯಿಯ ಕಥೆಯ ಆತಕೂರು ಶಾಸನ ಎರಡೂ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದದ್ದರಿಂದಲೇ ಲಕ್ಷಾಂತರ ಮಕ್ಕಳು ನೋಡುವಂತಾಯಿತು. ಆದರೆ ಅವು ಎಲ್ಲಿಂದ ಬಂದವು ಎಂಬುದು ಬರೆದಿದೆ. ಈಚಿನ ವರ್ಷಗಳಲ್ಲಿ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಇರುವ ಜಾಗದ ಸಮೇತ ದಾಖಲು ಮಾಡುತ್ತಿದ್ದಾರೆ. ನಮ್ಮ ಶಾಲೆಯ ಮಕ್ಕಳು ಒಂದು ಭಾನುವಾರ ಮೇಷ್ಟ್ರುಗಳ ಜೊತೆ ವಿಭೂತಿಪುರಕ್ಕೆ ನಡೆದು ಹೋಗಿ ಆ ಶಾಸನ ನೋಡಿ ಬಂದರೆ ಒಳ್ಳೆಯದು. ದೂರವೇನಿಲ್ಲ.

ಈಗ ನನ್ನ ಕಲ್ಲಿನ ವಿಷಯ. ಮೋರಿಯ ಹತ್ತಿರ ಅದನ್ನು ಕೊನೆಯ ಸಲ ಸನ್ನೆ ಹಾಕಿ ಎತ್ತಿದಾಗ ತಾತ ಕೈ ಒಳಗೆ ಹಾಕಿ ಅಡಿಭಾಗ ಸವರಿದರು. "ಏನೋ ಕೆತ್ತಿದಂಗೈತಲ್ಲೋ" ಅಂದರು. ಮಣ್ಣು ಮೆತ್ತಿಕೊಂಡಿತ್ತು. ಎರಡು ಟನ್ ಕಲ್ಲನ್ನು ಮಗುಚಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ, ಎಲ್ಲರಿಗೂ ಹಸಿವು. ಗಾಡಿ ಓಡಾಡಲು ನಯವಾದ ಮೈ ಮೇಲಿದ್ದರೇ ಒಳ್ಳೆಯದು ಎಂದು ಯಾರೋ ಅಂದರು. ಉರುಳು ತುಂಡುಗಳನ್ನು ಒಂದೊಂದಾಗಿ ಕಿತ್ತವರು ನಾವೇ ಹುಡುಗರು. ಕಲ್ಲು ಹಾಗೇ ಕೂತಿತು.

ಹದಿನೈದು ವರ್ಷ ಅದರ ಮೇಲೆ ಎತ್ತಿನ ಗಾಡಿ, ಸ್ಕೂಟರು, ಶಾಲೆಯ ಮಕ್ಕಳು ಓಡಾಡಿದರು. ಬೀದಿಗೆ ಕಾಂಕ್ರೀಟು ಮೋರಿ ಬಂದ ವಾರ ನಾನು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಬೆಳಗ್ಗೆ ಮನೆಗೆ ಬರುವಾಗ ಮೋರಿಯ ಜಾಗದಲ್ಲಿ ಹಳ್ಳ ಇತ್ತು, ಪಕ್ಕದಲ್ಲಿ ಜೆ.ಸಿ.ಬಿ.ಯ ಚಕ್ರದ ಗುರುತು. ಕಲ್ಲು ಎಲ್ಲಿ ಎಂದು ಕೇಳಿದೆ. ಲಾರಿಗೆ ಹಾಕಿದರು ಎಂದರು. ಯಾವ ಲಾರಿ, ಎಲ್ಲಿಗೆ ಹೋಯಿತು, ಯಾರೂ ನೋಡಿರಲಿಲ್ಲ.