ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳಲ್ಲಿ ವಸತಿ ನೆರವಿನ ಅರ್ಹತೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ರಾಯಚೂರು ಜಿಲ್ಲೆಯ ತಾಲೂಕುಗಳಾಗಿವೆ. ಇಲ್ಲಿನ ಕಡಿಮೆ ಆದಾಯದ ಕುಟುಂಬಗಳಿಗೆ ದೊರೆಯುವ ಸರ್ಕಾರಿ ವಸತಿ ನೆರವು ಮುಖ್ಯವಾಗಿ ಮನೆ ನಿರ್ಮಾಣದ ಸಹಾಯಧನದ ರೂಪದಲ್ಲಿದೆ. ಬಾಡಿಗೆದಾರರ ತಿಂಗಳ ಬಾಡಿಗೆಯನ್ನು ಭರಿಸುವ ಸಾರ್ವತ್ರಿಕ ಯೋಜನೆ ಕರ್ನಾಟಕದಲ್ಲಿ ಇಲ್ಲ. ಹೀಗಾಗಿ ಆದಾಯದಷ್ಟೇ ನಿವೇಶನದ ಹಕ್ಕೂ ಅರ್ಹತೆಯನ್ನು ನಿರ್ಧರಿಸುತ್ತದೆ.

ಗ್ರಾಮೀಣ ಪ್ರದೇಶ

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿಯಲ್ಲಿ ಬಯಲು ಸೀಮೆಯ ಪ್ರತಿ ಮನೆಗೆ ₹1.20 ಲಕ್ಷ ನೀಡಲಾಗುತ್ತದೆ. ಇದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. ವಸತಿರಹಿತರು ಹಾಗೂ ಕಚ್ಚಾ ಮನೆಗಳಲ್ಲಿ ವಾಸಿಸುವವರು ಅರ್ಹರು. 2024ರ ಪರಿಷ್ಕರಣೆಯ ಪ್ರಕಾರ ಕುಟುಂಬದ ಯಾವುದೇ ಸದಸ್ಯರ ಆದಾಯ ತಿಂಗಳಿಗೆ ₹15,000 ಮೀರಿದ್ದರೆ ಆ ಕುಟುಂಬಕ್ಕೆ ನೆರವು ದೊರೆಯುವುದಿಲ್ಲ. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಭೂಮಿ, ಇಲ್ಲವೇ ಐದು ಎಕರೆ ಅಥವಾ ಹೆಚ್ಚು ಒಣಭೂಮಿ ಉಳ್ಳವರೂ ಹೊರಗುಳಿಯುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಪಡೆಯುವ ಜಮೀನಿಗೂ ಮಳೆಯಾಶ್ರಿತ ಜಮೀನಿಗೂ ಈ ಮಿತಿ ಬೇರೆಯಾಗುತ್ತದೆ. ದ್ವಿಚಕ್ರ ವಾಹನ ಅಥವಾ ಫ್ರಿಜ್ ಹೊಂದಿರುವುದು ಈಗ ಅನರ್ಹತೆಯಲ್ಲ.

ರಾಜ್ಯದ ಬಸವ ವಸತಿ ಯೋಜನೆ ಮತ್ತು ಪರಿಶಿಷ್ಟ ಜಾತಿ, ಪಂಗಡಗಳಿಗಾಗಿ ಇರುವ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಗಳನ್ನು ರಾಜೀವ್ ಗಾಂಧಿ ವಸತಿ ನಿಗಮವು ನಿರ್ವಹಿಸುತ್ತದೆ. ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆಯ್ಕೆ ಮಾಡಲಾಗುತ್ತದೆ. ತಳಪಾಯ, ಲಿಂಟಲ್, ಛಾವಣಿ ಮುಂತಾದ ಹಂತಗಳು ಮುಗಿದಂತೆ ಹಣ ಬಿಡುಗಡೆಯಾಗುವುದರಿಂದ ಆರಂಭದ ಖರ್ಚನ್ನು ಕುಟುಂಬವೇ ಹೊಂದಿಸಿಕೊಳ್ಳಬೇಕಾಗುತ್ತದೆ.

ನಗರ ಪ್ರದೇಶ

ಸೆಪ್ಟೆಂಬರ್ 2024ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರ ಪ್ರಕಾರ ವಾರ್ಷಿಕ ಆದಾಯ ₹3 ಲಕ್ಷದವರೆಗೆ ಇರುವ ಕುಟುಂಬಗಳು ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಸೇರುತ್ತವೆ. ₹3 ಲಕ್ಷದಿಂದ ₹6 ಲಕ್ಷದವರೆಗಿನವು ಕಡಿಮೆ ಆದಾಯ ವರ್ಗದವು. ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆ ಇರಬಾರದು.

ನಿವೇಶನದ ಹಕ್ಕು

ಸ್ವಂತ ನಿವೇಶನವಿಲ್ಲದ ಬಾಡಿಗೆದಾರರು ನಿರ್ಮಾಣದ ಸಹಾಯಧನ ಬಳಸಿಕೊಳ್ಳಲು ಮೊದಲು ನಿವೇಶನ ಪಡೆಯಬೇಕು. ತಾಂಡಾ, ಹಟ್ಟಿ, ಕ್ಯಾಂಪ್‌ಗಳಂತಹ ದಾಖಲೆರಹಿತ ಜನವಸತಿಗಳಲ್ಲಿ ನೆಲೆಸಿರುವ ಕೃಷಿ ಕಾರ್ಮಿಕರಿಗೆ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 38ಎ ಕಲಂ ವಾಸದ ಮನೆಯ ಮಾಲೀಕತ್ವ ಪಡೆಯಲು ಅವಕಾಶ ನೀಡುತ್ತದೆ. ಸಿಂಧನೂರಿನ ಸುತ್ತಲಿನ ಕ್ಯಾಂಪ್‌ಗಳು ಹಾಗೂ ಲಿಂಗಸುಗೂರು ಭಾಗದ ತಾಂಡಾಗಳ ದೃಷ್ಟಿಯಿಂದ ಇದು ಮಹತ್ವದ್ದು. ಜನವರಿ 2023ರಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಹಕ್ಕುಪತ್ರ ವಿತರಣೆಯಲ್ಲಿ ರಾಯಚೂರು ಜಿಲ್ಲೆಯ ತಾಂಡಾ ನಿವಾಸಿಗಳೂ ಸೇರಿದ್ದರು.

ಬಾಡಿಗೆಗೆ ಸಮೀಪದ ನೆರವು

ಹಾಸ್ಟೆಲ್ ಪ್ರವೇಶ ದೊರೆಯದ ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ 2013-14ರಲ್ಲಿ ವಿದ್ಯಾಸಿರಿ ಯೋಜನೆ ಆರಂಭವಾಯಿತು. ಇದರಡಿ ತಿಂಗಳಿಗೆ ₹1,500ರಂತೆ ವರ್ಷದಲ್ಲಿ ಹತ್ತು ತಿಂಗಳು ನೆರವು ನಿಗದಿಯಾಗಿತ್ತು. ನಗರಗಳಿಗೆ ವಲಸೆ ಹೋದ ಕಾರ್ಮಿಕರಿಗಾಗಿ ಕೇಂದ್ರವು 2020ರಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆಯನ್ನು ಪ್ರಕಟಿಸಿತು. ಇದು ಕಡಿಮೆ ದರದ ಬಾಡಿಗೆ ಮನೆಗಳನ್ನು ಒದಗಿಸುವ ಯೋಜನೆಯೇ ಹೊರತು ಬಾಡಿಗೆಯ ಹಣ ನೀಡುವುದಲ್ಲ.