ನಿಲುಭಾರ: ಹಳಿಯ ಕಲ್ಲು, ಹಡಗಿನ ನೀರು

ನಿಲುಭಾರ

ಕಾಚಿಗೂಡ ನಿಲ್ದಾಣದಲ್ಲಿ ಬೆಂಗಳೂರಿನ ರೈಲಿಗೆ ಕಾಯುವಾಗ ಹಳಿಗಳ ನಡುವೆ ಕಾಣುವ ಮೊನಚು ಕಲ್ಲುಗಳನ್ನು ನಾವು ಜಲ್ಲಿ ಎನ್ನುತ್ತೇವೆ. ರೈಲ್ವೆಯವರಿಗೆ ಅದು ಬ್ಯಾಲಸ್ಟ್. ಹಡಗಿನವರ ಬಾಯಲ್ಲೂ ಅದೇ ಮಾತು, ಆದರೆ ಅಲ್ಲಿ ಅದು ನೀರು. ಸರಕಿಲ್ಲದ ಹಡಗು ಹೊಯ್ದಾಡದಂತೆ ಅದರ ತೊಟ್ಟಿಗಳಿಗೆ ತುಂಬುವ ನೀರು. ಇದನ್ನು ಹಡಗಿನ ಕೊಳಚೆ ನೀರು ಎಂದು ತಿಳಿಯುವುದು ತಪ್ಪು.

ಬ್ಯಾಲಸ್ಟ್ ಉತ್ತರ ಯುರೋಪಿನ ನಾವಿಕರ ಪದ. 'ಲಾಸ್ಟ್' ಎಂದರೆ ಹೊರೆ. ಮೊದಲ ಭಾಗಕ್ಕೆ 'ಬರಿದು' ಎಂಬ ಅರ್ಥ ಹೇಳುವವರೇ ಹೆಚ್ಚು. ಮಾರಲು ಬಾರದ ಬರೀ ಹೊರೆ! ಹಿಂದೆ ಹಡಗಿಗೆ ತುಂಬುತ್ತಿದ್ದುದು ಕಲ್ಲು, ಮರಳು. ಆ ಹೆಸರೇ ಹಳಿಯ ಕಲ್ಲಿಗೂ ಅಂಟಿತು. ಬ್ಯಾಲಸ್ಟ್‌ಗೆ ನಮ್ಮ ಕನ್ನಡದ ಪದ ನಿಲುಭಾರ. ಅದು ಇನ್ನೂ ಚೆಂದ, ಹೊರೆ ಮಾಡುವ ಕೆಲಸವನ್ನೇ ಹೇಳುತ್ತದೆ. 'ನಿಲ್' ತಮಿಳು, ಮಲಯಾಳ, ತೆಲುಗಿನಲ್ಲೂ ಇರುವ ಬೇರು, 'ಭಾರ' ಸಂಸ್ಕೃತದ್ದು. ಅರಿಸಮಾಸವೆಂದು ಮೂಗು ಮುರಿಯಬೇಕಿಲ್ಲ. ಕಾಚಿಗೂಡದ ತೆಲುಗು ನೆರೆಯವರಿಗೂ ತಿಳಿಯುವ ಪದವಿದು.

ಹಡಗಿನ ನಿಲುಭಾರದ ನೀರಿನೊಡನೆ ಕಾಲರಾ ರೋಗಾಣು, ವಿಷಪಾಚಿ, ಚಿಪ್ಪುಜೀವಿಗಳ ಮರಿಗಳು ಪರದೇಶದ ಬಂದರಿಗೆ ಇಳಿಯುತ್ತವೆ. 2004ರ ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದು, ನಿಲುಭಾರದ ನೀರಿನ ಶುದ್ಧೀಕರಣಕ್ಕೆ ಹಂತಹಂತವಾಗಿ ದಾರಿ ಮಾಡಿತು. ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಜೊತೆಗೆ ಹಾನಿಕರ ಉಳಿಕೆಗಳನ್ನೂ ಬಿಡುತ್ತದೆ. ಆದ್ದರಿಂದಲೇ ಸಸ್ಯಮೂಲದ ಜೀವಿನಾಶಕಗಳ ಹುಡುಕಾಟ. ಅಕ್ರೋಟು ಮರದ ಜುಗ್ಲೋನ್ ಹೀಗೆ ಪರೀಕ್ಷೆಗೆ ಒಳಗಾದ ವಸ್ತು. ಹಸಿ ಅಕ್ರೋಟಿನ ಸಿಪ್ಪೆ ಸುಲಿದವರ ಬೆರಳಿಗೆ ದಿನಗಟ್ಟಲೆ ಉಳಿಯುವ ಕಂದು ಕಲೆ ಹತ್ತಿಸುವುದೂ ಅದೇ.